ಹೊಸ 55 ಇಂಚಿನ ಟಿವಿ, ಹಳೇ 32 ಇಂಚಿನದಕ್ಕಿಂತ ಮಸುಕು: ವಾಪಸ್ ಕೊಡಬೇಕಾ?

ಸಾಗರದ ಹುಡುಗ:

ಎಲ್ಲರಿಗೂ ನಮಸ್ಕಾರ. ಹೋದ ವಾರ ಮನೆಗೆ 55 ಇಂಚಿನ 4ಕೆ ಎಲ್‌ಇಡಿ ಟಿವಿ ತಂದೆವು. ಅಪ್ಪ ರಿಟೈರ್ ಆಗಿದ್ದಾರೆ. ಅವರಿಗೆ ಮ್ಯಾಚು, ಅಮ್ಮನಿಗೆ ಧಾರಾವಾಹಿ. ಇಬ್ಬರಿಗೂ ದೊಡ್ಡದಾಗಿ, ಚೆನ್ನಾಗಿ ಕಾಣಲಿ ಅಂತ ವರ್ಷಪೂರ್ತಿ ದುಡ್ಡು ಕೂಡಿಟ್ಟು ತಂದಿದ್ದು. ಅಂಗಡಿಯಲ್ಲಿ ಕಣ್ಣು ಕೋರೈಸುವ ಹಾಗಿತ್ತು. ಮನೆಗೆ ಬಂದ ಮೇಲೆ ಕತೆಯೇ ಬೇರೆ.

ಚಾನೆಲ್ ಹಾಕಿದರೆ ಮುಖಗಳು ಮೇಣ ಮೆತ್ತಿದ ಹಾಗೆ ಕಾಣುತ್ತವೆ. ಅಕ್ಷರಗಳ ಸುತ್ತ ಬಿಳಿ ಅಂಚು. ಜನರೆಲ್ಲ ಸ್ವಲ್ಪ ದಪ್ಪ ಆದ ಹಾಗಿದೆ. ಕ್ರಿಕೆಟ್‌ನಲ್ಲಿ ಬಾಲ್ ಹಿಂದೆ ಬಾಲ ಬರುತ್ತೆ, ಕೆಲವು ಸಲ ಬಾಲೇ ಮಾಯ. ಸಿನಿಮಾ ಹಾಕಿದರೆ ರಾತ್ರಿ ಸೀನಿನಲ್ಲಿ ಏನೂ ಕಾಣಲ್ಲ. ಇದರ ಜೊತೆಗೆ ಪರದೆ ಕಪ್ಪಾದಾಗ ಎಡಗಡೆ ಕೆಳಮೂಲೆಯಲ್ಲಿ ಬೆಳ್ಳಗೆ ಬೆಳಕು ಸೋರಿದ ಹಾಗೆ ಕಾಣುತ್ತೆ.

ಅಪ್ಪ ಏನೂ ಅನ್ನಲಿಲ್ಲ. ಆದರೆ ನಿನ್ನೆ ಮೆಲ್ಲಗೆ "ಹಳೇದು ಕೆಟ್ಟಿರಲಿಲ್ಲ ಅಲ್ವಾ?" ಅಂದರು. ಅದನ್ನು ಕೇಳಿದ ಮೇಲೆ ನಿದ್ದೆ ಬಂದಿಲ್ಲ. ವಾಪಸ್ ಕೊಡೋಕೆ ಇನ್ನು ನಾಲ್ಕು ದಿನ ಇದೆ. ಏನು ಮಾಡಲಿ?

ಹಳೇ ಮೆಕ್ಯಾನಿಕ್:

ಗಾಬರಿಯಾಗಬೇಡಿ. ನೀವು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಟಿವಿಯ ತಪ್ಪಲ್ಲ. ಆ ಮೂಲೆಯ ಬೆಳಕು ಮಾತ್ರ ಬೇರೆ ವಿಷಯ, ಅದಕ್ಕೆ ಆಮೇಲೆ ಬರೋಣ.

ಮೊದಲು ಎರಡು ವಿಷಯ ಹೇಳಿ. ಸೆಟ್‌ಟಾಪ್ ಬಾಕ್ಸಿನಿಂದ ಟಿವಿಗೆ ಯಾವ ವೈರ್ ಹೋಗಿದೆ? ಹಳದಿ-ಕೆಂಪು-ಬಿಳಿ ಮೂರು ಪಿನ್ನಿನದೋ, ಚಪ್ಪಟೆ ಬಾಯಿಯ ಎಚ್‌ಡಿಎಂಐಯೋ? ಬಾಕ್ಸು ಎಚ್‌ಡಿಯದೋ, ಹಳೇದೋ?

ಆಮೇಲೆ ಈ ಕೆಲಸ ಮಾಡಿ. ಬಾಕ್ಸನ್ನು ಬಿಟ್ಟು ಟಿವಿಯಲ್ಲೇ ಯೂಟ್ಯೂಬ್ ತೆಗೆದು ಒಳ್ಳೆ 4ಕೆ ವಿಡಿಯೋ ಹಾಕಿ. ಕಾಡು, ಹಕ್ಕಿ, ಜಲಪಾತ ಯಾವುದಾದರೂ ಆಗುತ್ತೆ. ಕ್ವಾಲಿಟಿಯಲ್ಲಿ 2160 ಅಂತ ನೀವೇ ಆರಿಸಿ, ಆಟೋಗೆ ಬಿಡಬೇಡಿ. ಅದು ಚೆನ್ನಾಗಿ ಬಂದರೆ ಪ್ಯಾನೆಲ್, ಅಂದರೆ ಚಿತ್ರ ಮೂಡುವ ಪರದೆ, ಸರಿ ಇದೆ, ಅದಕ್ಕೆ ಬರುತ್ತಿರುವ ಚಿತ್ರವೇ ಸರಿ ಇಲ್ಲ ಅಂತ ಅರ್ಥ. ಅದೂ ಮಸುಕಾಗಿದ್ದರೆ ಟಿವಿ ಕಡೆ ನೋಡೋಣ.

ಸಾಗರದ ಹುಡುಗ:

ಯೂಟ್ಯೂಬ್ ಹಾಕಿದೆ ಸರ್. ಒಂದು ಮಿಂಚುಳ್ಳಿ ವಿಡಿಯೋ. ಕೊಕ್ಕಿನ ತುದಿಯಲ್ಲಿ ನಿಂತ ನೀರಿನ ಹನಿ ಕೂಡ ಕಾಣಿಸಿತು! ಅಮ್ಮ ಅಡುಗೆಮನೆಯಿಂದ ಬಂದು ನೋಡಿದರು.

ವೈರ್ ಮೂರು ಪಿನ್ನಿನದೇ. ಹೊಸ ಟಿವಿಯಲ್ಲಿ ಮೂರು ತೂತು ಇಲ್ಲ ಅಂತ ಇನ್‌ಸ್ಟಾಲ್ ಮಾಡಲು ಬಂದವರು ಒಂದು ಗಿಡ್ಡ ವೈರ್ ಸಿಕ್ಕಿಸಿ ಹೋದರು. ಬಾಕ್ಸು ಎಂಟು ವರ್ಷ ಹಳೇದು, ಅದರಲ್ಲಿ ಎಚ್‌ಡಿಎಂಐ ತೂತೇ ಇಲ್ಲ.

ಹಳೇ ಮೆಕ್ಯಾನಿಕ್:

ಅಲ್ಲೇ ಇದೆ ನೋಡಿ. ನಮ್ಮಲ್ಲಿ ಎಸ್‌ಡಿ (ಎಚ್‌ಡಿ ಅಲ್ಲದ ಮಾಮೂಲಿ) ಚಾನೆಲ್ ಅಂದರೆ ಹೆಚ್ಚೆಂದರೆ 720 ಅಡ್ಡ, 576 ಉದ್ದ. ಗುಣಿಸಿದರೆ ಸುಮಾರು 4.15 ಲಕ್ಷ ಚುಕ್ಕೆ. ನಿಮ್ಮ ಟಿವಿಯಲ್ಲಿ 3840 ಅಡ್ಡ, 2160 ಉದ್ದ, ಅಂದರೆ ಸುಮಾರು 83 ಲಕ್ಷ ಚುಕ್ಕೆ. ಬಂದ ಒಂದು ಚುಕ್ಕೆಯಿಂದ ಟಿವಿ ಇಪ್ಪತ್ತು ಚುಕ್ಕೆ ತುಂಬಿಸಬೇಕು. ಉಳಿದ ಹತ್ತೊಂಬತ್ತನ್ನು ಅದು ಊಹಿಸುತ್ತದೆ. ಮುಖ ಮೇಣದ ಹಾಗೆ ಕಾಣುವುದು ಇದಕ್ಕೇ. ಹಳೇ 32 ಇಂಚಿನದರಲ್ಲಿ ಇದೇ ಚಿತ್ರ ಮೂರನೇ ಒಂದು ಭಾಗ ಜಾಗದಲ್ಲಿ ಇರುತ್ತಿತ್ತು. ಹುಳುಕು ಮುಚ್ಚಿಹೋಗುತ್ತಿತ್ತು. ದೊಡ್ಡ ಟಿವಿ ಹುಳುಕನ್ನೂ ದೊಡ್ಡದು ಮಾಡಿ ತೋರಿಸುತ್ತೆ.

ಕೇಬಲ್‌ನವರಿಗೆ ಹೇಳಿ ಎಚ್‌ಡಿ ಬಾಕ್ಸ್ ಹಾಕಿಸಿ. ಆದರೆ ಬಾಕ್ಸ್ ಬದಲಾದರೆ ಸಾಲದು, ಇಲ್ಲೇ ತುಂಬಾ ಜನ ಎಡವುವುದು. ಎಚ್‌ಡಿ ಚಾನೆಲ್‌ಗೆ ಬೇರೆ ನಂಬರ್, ಬೇರೆ ಪ್ಯಾಕ್ ಇರುತ್ತೆ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಜೀ ಕನ್ನಡ ಎಲ್ಲಕ್ಕೂ ಎಚ್‌ಡಿ ಇದೆ. ಅಮ್ಮ ಅಭ್ಯಾಸ ಬಲದಿಂದ ಹಳೇ ನಂಬರನ್ನೇ ಒತ್ತಿದರೆ ಬರುವುದು ಹಳೇ ಚಿತ್ರವೇ. ಹೊಸ ನಂಬರುಗಳನ್ನು ಚೀಟಿಯಲ್ಲಿ ಬರೆದು ರಿಮೋಟ್ ಹಿಂದೆ ಅಂಟಿಸಿ ಕೊಡಿ. ಬಾಕ್ಸಿನ ಮೆನುವಿನಲ್ಲಿ ಔಟ್‌ಪುಟ್ 1080, ಆಕಾರ 16:9 ಇರಲಿ. ಜನ ದಪ್ಪ ಕಾಣುವುದು ಹಳೇ ಟಿವಿಯ ಕಡಿಮೆ ಅಗಲದ 4:3 ಚಿತ್ರವನ್ನು ಎಳೆದು ಅಗಲ ಮಾಡಿರುವುದರಿಂದ. ಅದೂ ಸರಿಹೋಗುತ್ತೆ.

ಇನ್ನು ಸೆಟ್ಟಿಂಗ್. ಅಂಗಡಿಯವರು ಟಿವಿಯನ್ನು ವಿವಿಡ್ ಮೋಡ್‌ನಲ್ಲಿ ಇಟ್ಟಿರುತ್ತಾರೆ. ಟ್ಯೂಬ್‌ಲೈಟ್ ಬೆಳಕಿನ ಹಾಲ್‌ನಲ್ಲಿ ಪಕ್ಕದ ಟಿವಿಗಿಂತ ಎದ್ದು ಕಾಣಲಿ ಅಂತ. ಮನೆಗೆ ಅದು ಬೇಡ. ಹಗಲು ಸ್ಟ್ಯಾಂಡರ್ಡ್, ರಾತ್ರಿ ಮೂವಿ ಅಥವಾ ಸಿನಿಮಾ ಮೋಡ್ ಇಡಿ. ಮೊದಲ ಎರಡು ದಿನ ಹಳದಿ ಹಳದಿ ಅನ್ನಿಸುತ್ತೆ. ಕಣ್ಣು ಹೊಂದಿಕೊಂಡ ಮೇಲೆ ಮೈಬಣ್ಣ ಮೈಬಣ್ಣದ ಹಾಗೇ ಕಾಣುತ್ತೆ. ಅಕ್ಷರದ ಸುತ್ತ ಬಿಳಿ ಅಂಚು ಬರುವುದು ಶಾರ್ಪ್‌ನೆಸ್ ಜಾಸ್ತಿ ಆಗಿ. ಅದನ್ನು ಸೊನ್ನೆಯ ಹತ್ತಿರ ಇಳಿಸಿ. ಸೋನಿಯ ಆಂಡ್ರಾಯ್ಡ್ ಟಿವಿಗಳಲ್ಲಿ ಮಾತ್ರ 50 ಅಂದರೆ ನಡು, ಅಲ್ಲಿಂದ ಕೆಳಗೆ ಇಳಿಸಬೇಡಿ.

ಬಾಲ್ ಹಿಂದಿನ ಬಾಲಕ್ಕೆ ಕಾರಣ ಬಹುಶಃ ಮೋಷನ್ ಸೆಟ್ಟಿಂಗ್. ಎರಡು ಫ್ರೇಮಿನ ನಡುವೆ ಟಿವಿ ತಾನೇ ಒಂದು ಫ್ರೇಮ್ ಹುಟ್ಟಿಸಿ ಸೇರಿಸುತ್ತೆ. ನಿಧಾನಕ್ಕೆ ಹೋಗುವ ಕಾರಿಗೆ ಅದು ಸರಿ. 140 ಕಿಲೋಮೀಟರ್ ವೇಗದ ಪುಟ್ಟ ಚೆಂಡು ಎಲ್ಲಿರಬೇಕು ಅಂತ ಅದಕ್ಕೆ ತಿಳಿಯೋಲ್ಲ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲಾರಿಟಿ ಅನ್ನುತ್ತಾರೆ. ಹೆಸರು ಏನೇ ಇರಲಿ, ಆಫ್ ಮಾಡಿ ಒಂದು ಓವರ್ ನೋಡಿ.

ರಾತ್ರಿ ಶೋ:

ಕತ್ತಲೆ ಸೀನಿನ ಬಗ್ಗೆ ನಾನು ಹೇಳುತ್ತೇನೆ, ಆರು ತಿಂಗಳು ಇದರಲ್ಲೇ ಒದ್ದಾಡಿದ್ದೇನೆ. ಮೊದಲು ಎನರ್ಜಿ ಸೇವಿಂಗ್ ಅಥವಾ ಇಕೋ ಅನ್ನೋದನ್ನು ಆಫ್ ಮಾಡಿ. ಅದು ಬ್ಯಾಕ್‌ಲೈಟನ್ನೇ, ಅಂದರೆ ಪರದೆ ಹಿಂದಿನ ಬೆಳಕನ್ನೇ ತಗ್ಗಿಸುತ್ತೆ. ರೂಮಿನ ಬೆಳಕು ಅಳೆಯುವ ಸೆನ್ಸರ್ ಇದ್ದರೆ ಅದನ್ನೂ ಆಫ್ ಮಾಡಿ.

ಆಮೇಲೆ ಎಚ್‌ಡಿಆರ್, ಅಂದರೆ ಬೆಳಕು-ಕತ್ತಲೆಯ ವ್ಯತ್ಯಾಸ ಜಾಸ್ತಿ ತೋರಿಸುವ ಚಿತ್ರ. ಡಾಲ್ಬಿ ವಿಷನ್ ಅದರದೇ ಒಂದು ಬಗೆ. ಟಿವಿ ಬಂದ ರಟ್ಟಿನ ಪೆಟ್ಟಿಗೆ ಮೇಲೆ ಎಚ್‌ಡಿಆರ್, ಡಾಲ್ಬಿ ವಿಷನ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಎಚ್‌ಡಿಆರ್ ಸಿನಿಮಾವನ್ನು ಸಾಮಾನ್ಯವಾಗಿ 1000 ನಿಟ್ಸ್ (ನಿಟ್ಸ್ ಅಂದರೆ ಬೆಳಕಿನ ಅಳತೆ) ಅಥವಾ ಅದಕ್ಕೂ ಜಾಸ್ತಿ ಬೆಳಕಿನ ಲೆಕ್ಕದಲ್ಲಿ ತಯಾರಿಸಿರುತ್ತಾರೆ. ಕಡಿಮೆ ಬೆಲೆಯ ಟಿವಿಗಳು 300ರ ಆಸುಪಾಸಿನಲ್ಲೇ ನಿಲ್ಲುತ್ತವೆ. ಅಷ್ಟು ಬೆಳಕನ್ನು ಇಷ್ಟರಲ್ಲಿ ತುರುಕುವಾಗ ಇಡೀ ಚಿತ್ರ ಮಂಕಾಗುತ್ತೆ. ನಿಮ್ಮದು ಕೆಟ್ಟಿಲ್ಲ, ಅದರ ಶಕ್ತಿಯೇ ಅಷ್ಟು. ಡಾಲ್ಬಿ ವಿಷನ್ ಸಿನಿಮಾ ಓಡುತ್ತಿರುವಾಗಲೇ ಪಿಕ್ಚರ್ ಮೆನು ತೆಗೆದು ಡಾರ್ಕ್ ಇದ್ದದ್ದನ್ನು ಬ್ರೈಟ್ ಮಾಡಿ. ಓಡುತ್ತಿರುವಾಗಲೇ ಅಂತ ಯಾಕೆ ಹೇಳಿದೆ ಅಂದರೆ ಎಚ್‌ಡಿಆರ್‌ನ ಸೆಟ್ಟಿಂಗೇ ಬೇರೆ, ಮಾಮೂಲಿ ಚಿತ್ರದ್ದೇ ಬೇರೆ. ಒಂದರಲ್ಲಿ ಬದಲಿಸಿದ್ದು ಇನ್ನೊಂದಕ್ಕೆ ಹೋಗೋದಿಲ್ಲ. ಇದು ತಿಳಿಯದೆ ನಾನು ಸುಮ್ನೆ ಎಷ್ಟು ರಾತ್ರಿ ಹಾಳು ಮಾಡಿಕೊಂಡೆ.

ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಬರಬೇಕಾದರೆ ಪ್ರೀಮಿಯಂ ಪ್ಲಾನ್ ಬೇಕು, ಇಂಟರ್ನೆಟ್ 15 ಎಂಬಿಪಿಎಸ್ ಆದರೂ ಇರಬೇಕು.

ಧಾರವಾಡ ಪೇಡಾ:

ಆ ಮೂಲೆಯ ಬೆಳಕನ್ನು ಮಾತ್ರ ಸೆಟ್ಟಿಂಗ್ ಅಂತ ಬಿಡಬೇಡಿ. ನಾನು ಹಾಗೆ ಬಿಟ್ಟು ಪೆಟ್ಟು ತಿಂದಿದ್ದೇನೆ. ನಮ್ಮ ಟಿವಿಯಲ್ಲಿ ಒಂದು ದಿನ ಪರದೆ ನಡುವೆ ರೂಪಾಯಿ ಅಗಲದ ಬಿಳಿ ಚುಕ್ಕೆ ಕಾಣಿಸಿತು. ಹೋಗಲಿ ಅಂದುಕೊಂಡೆವು. ತಿಂಗಳೊಳಗೆ ನಾಲ್ಕಾದವು. ಆಗ ವಾರಂಟಿ ಮುಗಿದು ಇಪ್ಪತ್ತು ದಿನ ಆಗಿತ್ತು.

ರಿಪೇರಿಗೆ ಬಿಚ್ಚಿದಾಗ ನಾನು ಪಕ್ಕದಲ್ಲೇ ನಿಂತು ನೋಡಿದೆ. ಪ್ಯಾನೆಲ್ ಹಿಂದೆ ಎಲ್‌ಇಡಿ ಪಟ್ಟಿಗಳು. ಪ್ರತಿ ಎಲ್‌ಇಡಿ ಮೇಲೆ ಬೆಳಕು ಹರಡಲು ಒಂದು ಪುಟ್ಟ ಪ್ಲಾಸ್ಟಿಕ್ ಟೊಪ್ಪಿ. ಶಾಖಕ್ಕೆ ಅಂಟು ಬಿಟ್ಟು ನಾಲ್ಕು ಟೊಪ್ಪಿ ಕೆಳಗೆ ಉದುರಿ ಬಿದ್ದಿದ್ದವು, ಸೀತಾಫಲದ ಬೀಜದ ಹಾಗೆ. ಟೊಪ್ಪಿ ಹೋದ ಕಡೆ ಬೆಳಕು ನೇರ ಕಣ್ಣಿಗೆ ಬರುತ್ತೆ. ಕೈಯಲ್ಲಿ ರಿಪೇರಿ ಆಗುವಂಥದ್ದೇ, ಆದರೆ ದುಡ್ಡು ನಮ್ಮದು. ವಾಪಸ್ ಕೊಡೋ ಅವಧಿ ಇರುವಾಗಲೇ ದೂರು ಬರೆಸಿ.

ಹಳೇ ಮೆಕ್ಯಾನಿಕ್:

ಸರಿಯಾಗಿ ಹೇಳಿದಿರಿ. ಸಾಗರದವರೇ, ರಾತ್ರಿ ಎಲ್ಲಾ ಲೈಟ್ ಆರಿಸಿ ಪೂರ್ತಿ ಕಪ್ಪು ಚಿತ್ರ ಹಾಕಿ. ಕತ್ತಲಲ್ಲಿ ಮೂಲೆಗಳಲ್ಲಿ ಚೂರು ಮಂಜು ಬಹಳ ಎಲ್‌ಇಡಿ ಟಿವಿಗಳಲ್ಲಿ ಇರುತ್ತೆ. ಪಕ್ಕಕ್ಕೆ ಸರಿದು ನಿಂತರೆ ಅದರ ಆಕಾರ ಬದಲಾದರೆ ಅದು ಐಪಿಎಸ್ ಅನ್ನೋ ಬಗೆಯ ಪ್ಯಾನೆಲಿನ ಸಹಜ ಗುಣ. ಅದರ ಕಪ್ಪು ಯಾವತ್ತೂ ಬೂದಿಯ ಕಡೆಗೇ ಇರುತ್ತೆ. ವಿಎ ಅನ್ನೋ ಇನ್ನೊಂದು ಬಗೆಯ ಪ್ಯಾನೆಲಿನಲ್ಲಿ ಕಪ್ಪು ಚೆನ್ನ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ಸಪ್ಪೆ. ಎಲ್ಲಿಂದ ನೋಡಿದರೂ ಬೆಳಕು ಅಲ್ಲೇ ಗಟ್ಟಿಯಾಗಿ ನಿಂತಿದ್ದರೆ, ಲೈಟ್ ಹಾಕಿದ ಮೇಲೂ ಸಿನಿಮಾದಲ್ಲಿ ಕಣ್ಣಿಗೆ ಚುಚ್ಚಿದರೆ, ಅದು ದೋಷ. ಫೋಟೋ ತೆಗೆಯುವಾಗ ಮೊಬೈಲಿನ ಎಕ್ಸ್‌ಪೋಷರ್ ಇಳಿಸಿ, ಇಲ್ಲದಿದ್ದರೆ ಇದ್ದದ್ದಕ್ಕಿಂತ ಜಾಸ್ತಿ ಕಾಣುತ್ತೆ. ಆಗ ಅವರು ಫೋಟೋವನ್ನೇ ನಂಬೋದಿಲ್ಲ.

ಬೂದು ಬಣ್ಣದ ಚಿತ್ರವನ್ನೂ ಒಮ್ಮೆ ಹಾಕಿ ನೋಡಿ. ಕಲೆ, ಅಡ್ಡಪಟ್ಟಿ ಇದ್ದರೆ ಅದರಲ್ಲೇ ಸಿಗುತ್ತೆ. ಮ್ಯಾಚ್‌ನಲ್ಲಿ ಕ್ಯಾಮೆರಾ ಬಾಲ್ ಹಿಂದೆ ಓಡುವಾಗ ಹಸಿರು ಮೈದಾನದ ಮೇಲೆ ಕೊಳೆ ಹರಿದಾಡಿದ ಹಾಗೆ ಕಾಣುವುದು ಅದೇ.

ಸಾಗರದ ಹುಡುಗ:

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಕಪ್ಪು ಚಿತ್ರ ಹಾಕಿ ಮೂರು ಕಡೆಯಿಂದ ನೋಡಿದೆ. ಬೆಳಕು ಜಾಗ ಬಿಟ್ಟು ಕದಲಲಿಲ್ಲ, ಅಂಗೈ ಅಗಲ. ಅವತ್ತೇ ದೂರು ಬರೆಸಿದೆ. ಮೊದಲು ಫೋನಿನಲ್ಲಿ "ಎಲ್ಲಾ ಟಿವಿಯಲ್ಲೂ ಹೀಗೇ" ಅಂದರು. ಫೋಟೋ, ವಿಡಿಯೋ ಎರಡೂ ಕಳಿಸಿದ ಮೇಲೆ ಒಬ್ಬರು ಬಂದು ನೋಡಿ ಬರೆದುಕೊಂಡು ಹೋದರು. ಒಂಬತ್ತನೇ ದಿನಕ್ಕೆ ಅದೇ ಮಾಡೆಲಿನ ಬೇರೆ ಸೆಟ್ ಬಂತು. ಇದರ ಮೂಲೆ ಕಪ್ಪಗೇ ಇದೆ.

ಎಚ್‌ಡಿ ಬಾಕ್ಸೂ ಬಂತು. ಮೋಷನ್ ಆಫ್ ಮಾಡಿದೆ, ಶಾರ್ಪ್‌ನೆಸ್ ಇಳಿಸಿದೆ, ನಂಬರಿನ ಚೀಟಿ ಅಂಟಿಸಿದೆ. ನಿನ್ನೆ ಅಪ್ಪ ಮ್ಯಾಚ್ ನೋಡುತ್ತಾ ಇದ್ದವರು ಇದ್ದಕ್ಕಿದ್ದಂತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಬಾಲಿನ ಹೊಲಿಗೆ ಕಾಣ್ತಿದೆಯಲ್ಲೋ" ಅಂದರು.

ಡಾಲ್ಬಿ ವಿಷನ್ ಬ್ರೈಟ್ ಮಾಡಿದ ಮೇಲೂ ಹಗಲು ಹೊತ್ತು ಕತ್ತಲೆ ಸೀನ್ ಸ್ವಲ್ಪ ಕಷ್ಟವೇ. ಟಿವಿ ಎದುರಿಗೇ ಕಿಟಕಿ ಇದೆ. ಈ ಭಾನುವಾರ ಕಿಟಕಿಗೆ ದಪ್ಪ ಪರದೆ ಹಾಕಿಸಿ ನೋಡಿ ತಿಳಿಸುತ್ತೇನೆ.