ಆಂಟಿಬಯಾಟಿಕ್ ಸಿರಪ್ ಎರಡು ಸಲ ಕುಡಿಸಿಬಿಟ್ಟೆವು, ಯಾರಿಗಾದರೂ ಹೀಗಾಗಿದೆಯಾ?

ಮಗಳಿಗೆ ಎರಡೂವರೆ ವರ್ಷ, 11 ಕೆ.ಜಿ. ಕಿವಿನೋವಿಗೆ ಡಾಕ್ಟರ್ ಅಮಾಕ್ಸಿಸಿಲಿನ್ ಬರೆದಿದ್ದಾರೆ. 5 ಎಂ.ಎಲ್.ನಲ್ಲಿ 250 ಮಿ.ಗ್ರಾಂ., ದಿನಕ್ಕೆ ಎರಡು ಹೊತ್ತು 5 ಎಂ.ಎಲ್. ರಾತ್ರಿ 8ಕ್ಕೆ ನಾನು ಕುಡಿಸಿದೆ. ಅದು ಗೊತ್ತಿಲ್ಲದೆ ಅತ್ತೆ ಅರ್ಧ ಗಂಟೆ ಬಿಟ್ಟು ಮತ್ತೆ ಕುಡಿಸಿದ್ದಾರೆ. ಮಗು ಆಡಿಕೊಂಡೇ ಇದೆ. ಡಾಕ್ಟರ್ ಫೋನ್ ಎತ್ತುತ್ತಿಲ್ಲ. ಏನು ಮಾಡಲಿ?

— ಗಾಬರಿ ಬೇಡ ಅಕ್ಕ. ನಮ್ಮಲ್ಲಿ ನಾನು, ಯಜಮಾನರು ಇಬ್ಬರೂ ಕುಡಿಸಿದ್ದೆವು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸು ಅಂತ ಪಕ್ಕದ ಮನೆಯವರು ಹೇಳಿದರು. ಡಾಕ್ಟರ್ ಅದಕ್ಕೇ ಬೈದರು, ಎರಡು ಸಲ ಕುಡಿಸಿದ್ದಕ್ಕಲ್ಲ! ವಾಂತಿ ಮಾಡಿಸಬೇಡಿ, ನೀರು ಜಾಸ್ತಿ ಕುಡಿಸಿ. ಫೋನ್ ಮಾಡುವಾಗ ಬಾಟಲಿ ಕೈಯಲ್ಲಿರಲಿ. ತೂಕ, ಎಷ್ಟು ಎಂ.ಎಲ್., ಎಷ್ಟು ಹೊತ್ತಿಗೆ, ಬೇರೆ ಔಷಧಿ ಏನಾದರೂ ಕೊಟ್ಟಿದ್ದೀರಾ, ಇಷ್ಟನ್ನೂ ಕೇಳುತ್ತಾರೆ.

— ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡಿದವನು ನಾನು. ಲೆಕ್ಕ ಹಾಕಿ: ಒಟ್ಟು 500 ಮಿ.ಗ್ರಾಂ., ಕೆ.ಜಿ.ಗೆ 45ರಷ್ಟು. ಒಂದು ದಿನದ ಔಷಧಿ ಒಂದೇ ಹೊತ್ತಿಗೆ ಹೋಯಿತು, ಅಷ್ಟೇ. ಅಮಾಕ್ಸಿಸಿಲಿನ್ ಕೆ.ಜಿ.ಗೆ 250 ದಾಟದಿದ್ದರೆ ಸಾಮಾನ್ಯವಾಗಿ ದೊಡ್ಡ ತೊಂದರೆ ಆಗುವುದಿಲ್ಲ. ನಾನು ಹೆದರುವುದು ಡ್ರಾಪ್ಸ್‌ಗೆ. ಡ್ರಾಪ್ಸ್‌ನಲ್ಲಿ 1 ಎಂ.ಎಲ್.ಗೇ 100 ಮಿ.ಗ್ರಾಂ. ಇರುತ್ತದೆ, 5 ಎಂ.ಎಲ್.ಗೆ 125 ಮಿ.ಗ್ರಾಂ. ಇರುವ ಸಿರಪ್‌ನಲ್ಲಿ 1 ಎಂ.ಎಲ್.ಗೆ ಬರೀ 25. ಸಿರಪ್ ಅಂದುಕೊಂಡು ಡ್ರಾಪ್ಸ್ ಅಳೆದರೆ ನಾಲ್ಕು ಪಟ್ಟು! ಪುಡಿಗೆ ಗೆರೆಯವರೆಗೆ ನೀರು ಹಾಕದೆ ಕಲಸುವವರೂ ಇದ್ದಾರೆ. ಅದಕ್ಕೇ ಬಾಟಲಿ ಮೇಲಿರುವುದನ್ನು ಇನ್ನೊಮ್ಮೆ ಓದಿ.

— ಮೇಲಿನ ಲೆಕ್ಕ ಅಮಾಕ್ಸಿಸಿಲಿನ್‌ಗೆ ಮಾತ್ರ. ಬೇರೆ ಆಂಟಿಬಯಾಟಿಕ್‌ಗೆ ಯಾರೂ ಅದನ್ನೇ ಹಿಡಿಯಬೇಡಿ. ಕಿಡ್ನಿ ತೊಂದರೆ ಇರುವ ಮಗುವಾದರಂತೂ ತಕ್ಷಣ ಆಸ್ಪತ್ರೆಗೆ ಹೋಗಿ. ಮುಖ, ತುಟಿ ಊದಿದರೆ, ಉಸಿರಾಟ ಕಷ್ಟವಾದರೆ ಅದು ಅಲರ್ಜಿ, ಸರಿಯಾದ ಡೋಸ್‌ಗೂ ಬರಬಹುದು. ಆಗ ಸುಮ್ನೆ ಕಾಯದೆ 108ಕ್ಕೆ ಫೋನ್ ಮಾಡಿ. ಮೂತ್ರ ಕಡಿಮೆಯಾದರೂ, ಕೆಂಪಾದರೂ ತೋರಿಸಲೇಬೇಕು. ನಿಮ್ಮ ಡಾಕ್ಟರ್ ಸಿಗದಿದ್ದರೆ ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರ ಇದೆ, 1800 116 117. ದಿನವಿಡೀ ಇರುತ್ತದೆ, ದುಡ್ಡಿಲ್ಲ.

— ಕೇಳಿದವಳು ನಾನೇ. ಹತ್ತು ಗಂಟೆಗೆ ಡಾಕ್ಟರ್ ಸಿಕ್ಕರು. ಮನೆಯಲ್ಲೇ ನೋಡಿಕೊಳ್ಳಿ, ಬೆಳಿಗ್ಗೆಯ ಡೋಸ್ ಎಂದಿನ ಹೊತ್ತಿಗೇ ಕೊಡಿ ಅಂದರು. ಬೆಳಿಗ್ಗೆ ಎರಡು ಸಲ ಭೇದಿ ಆಯಿತು, ಜ್ವರ ಇಲ್ಲ. ಬಾಟಲಿ ಒಂದು ಹೊತ್ತು ಮೊದಲೇ ಖಾಲಿಯಾಗುತ್ತದೆ, ಆದರೂ ಕೋರ್ಸ್ ಪೂರ್ತಿ ಮಾಡಬೇಕಂತೆ. ಅತ್ತೆ ಫ್ರಿಜ್ ಪಕ್ಕದ ಕ್ಯಾಲೆಂಡರಿಗೆ ದಾರದಲ್ಲಿ ಪೆನ್ನು ಕಟ್ಟಿದ್ದಾರೆ. ಇವತ್ತಿನ ಮೊದಲ ಗುರುತು ಅವರದೇ.