ರಾತ್ರಿಯಿಡೀ ಏಸಿ ಓಡಿದರೂ ರೂಮ್ ತಣ್ಣಗಾಗುತ್ತಿಲ್ಲ (ಕಲಬುರಗಿ, ಮೇಲಿನ ಮಹಡಿ)

ಬಿಸಿಲೂರವ:
ಎರಡನೇ ಮಹಡಿ, ಮೇಲೆ ಬರೀ ಆರ್‌ಸಿಸಿ ಚಾವಣಿ. 1.5 ಟನ್ನಿನ ಹಳೇ ಏಸಿ, ಇನ್ವರ್ಟರ್ ಅಲ್ಲ. 18ಕ್ಕೆ ಇಟ್ಟರೂ ರಾತ್ರಿ ಎರಡು ಗಂಟೆ ತನಕ ಸೆಕೆ. ನಿನ್ನೆ ಮೀಟರ್ ಬರೆದಿಟ್ಟೆ, 10ರಿಂದ ಬೆಳಿಗ್ಗೆ 6ರೊಳಗೆ 11 ಯೂನಿಟ್! ಚಳಿಗಾಲದಲ್ಲಿ ಗೃಹಜ್ಯೋತಿಯಿಂದ ಸೊನ್ನೆ ಬಿಲ್ ಬರುತ್ತಿತ್ತು, ಈಗ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟುತ್ತಿದ್ದೇನೆ. ಮೆಕ್ಯಾನಿಕ್ ಗ್ಯಾಸ್ ತುಂಬಿಸಿ ಅಂತಾನೆ. ಹೋದ ವರ್ಷವೂ ತುಂಬಿಸಿದ್ದೆ. ಹೊಸ ಏಸಿನೇ ತಗೊಳ್ಳಲಾ?

ಮಾಳಿಗೆಮನೆ:
ತಡೀರಿ, ಈಗಲೇ ದುಡ್ಡು ಹಾಕಬೇಡಿ. ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ, ಕಡಿಮೆಯಾಗಿದ್ದರೆ ಎಲ್ಲೋ ಲೀಕ್ ಇದೆ ಅಂತ ಅರ್ಥ, ಮೊದಲು ಅದನ್ನು ತೋರಿಸು ಅನ್ನಿ.

ಇನ್ನು ಲೆಕ್ಕ. ನಿಮ್ಮಂಥ ಏಸಿ ಓಡುವಾಗ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ, 8 ಗಂಟೆಗೆ 12 ಯೂನಿಟ್. ನಿಮ್ಮದು 11 ಅಂದರೆ ಕಂಪ್ರೆಸರ್ ಹೆಚ್ಚುಕಮ್ಮಿ ನಿಂತೇ ಇಲ್ಲ. 18ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಅನ್ನುವುದು ಸುಳ್ಳು, ಕಂಪ್ರೆಸರ್ ಓಡುವ ಸ್ಪೀಡ್ ಅದೇ, ನಿಲ್ಲುವುದು ಮಾತ್ರ ತಡ. 25ಕ್ಕಿಟ್ಟು ಫ್ಯಾನ್ ಹಾಕಿ.

ರಾತ್ರಿ 10ಕ್ಕೆ ಸ್ಟೂಲ್ ಹತ್ತಿ ಚಾವಣಿ ಮುಟ್ಟಿ ನೋಡಿ. ಗೋಡೆಗಿಂತ ಬಿಸಿ ಇದ್ದರೆ ಕಳ್ಳ ಸಿಕ್ಕ ಹಾಗೆ. ಹಗಲೆಲ್ಲ ಕುಡಿದ ಬಿಸಿಲನ್ನು ಸ್ಲ್ಯಾಬ್ ರಾತ್ರಿ ನಿಮ್ಮ ತಲೆ ಮೇಲೆ ಸುರಿಯುತ್ತದೆ, ನೀವು ರೂಮನ್ನಲ್ಲ, ಕಾಂಕ್ರೀಟನ್ನು ತಣ್ಣಗೆ ಮಾಡುತ್ತಿದ್ದೀರಿ. ನಮ್ಮ ಅಜ್ಜನ ಮಾಳಿಗೆ ಮನೆಯಲ್ಲಿ ಮೇಲೆ ಮೊಳದಷ್ಟು ಮಣ್ಣಿತ್ತು, ಮೇ ತಿಂಗಳಲ್ಲೂ ಮಧ್ಯಾಹ್ನ ನಿದ್ದೆ ಬರುತ್ತಿತ್ತು.

ಪರೀಕ್ಷೆಗೆ ಒಂದೆರಡು ಸಂಜೆ ಚಾವಣಿಗೆ ನೀರು ಹಾಕಿ ಮೀಟರ್ ನೋಡಿ. ಬಿರುಕಿದ್ದರೆ ಮಾತ್ರ ಬೇಡ, ಸೋರುತ್ತದೆ. ದಿನಾ ಹಾಕಿ ಅಂತ ಹೇಳುವುದಿಲ್ಲ, ಬೇಸಿಗೆಯಲ್ಲಿ ನೀರಿಗೇ ಪರದಾಟ ಅಲ್ವಾ.

ಕಡಲತಡಿ:
ಸುಮ್ನೆ ಏರ್ ಕೂಲರ್ ಇಡಿ ಮಾರಾಯ್ರೇ. ನಿಮ್ಮದು ಒಣ ಹವೆ, ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಮಂಗಳೂರಲ್ಲಿ ಇಟ್ಟರೆ ಹಾಸಿಗೆ ಒದ್ದೆಯಾದ ಹಾಗಾಗುತ್ತದೆ ಅಷ್ಟೇ.

ಮಾಳಿಗೆಮನೆ:
ಹೌದು, ಆದರೆ ಏಸಿ ಜೊತೆ ಕೂಲರ್ ಹಾಕಬೇಡಿ. ಕೂಲರಿಗೆ ಕಿಟಕಿ ತೆರೆದಿರಬೇಕು, ಏಸಿಗೆ ಮುಚ್ಚಿರಬೇಕು. ಕೂಲರ್ ತುಂಬಿದ ತೇವವನ್ನು ಏಸಿ ಹಿಂಡಿ ತೆಗೆಯಬೇಕು, ಅದಕ್ಕೂ ಕರೆಂಟೇ.

ಬಿಸಿಲೂರವ:
ಚಾವಣಿ ನಿಜಕ್ಕೂ ಹಂಚಿನ ಥರ ಕಾದಿತ್ತು! ನೀರು ಹಾಕಿ, 25ಕ್ಕಿಟ್ಟ ರಾತ್ರಿ 8 ಯೂನಿಟ್. ಭಾನುವಾರ ಮೇಲೆಲ್ಲ ಗುಡಿಸಿ, ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ ಎರಡು ಕೋಟ್ ಬಳಿದೆವು. ನೀರಿಲ್ಲದೆಯೂ ಈಗ 7ರ ಹತ್ತಿರ. ಏಸಿ ಫಿಲ್ಟರ್ ತೆಗೆದರೆ ಕಂಬಳಿಯಷ್ಟು ಧೂಳು, ಅದನ್ನೂ ತೊಳೆದೆ. ಮಳೆಗೆ ಸುಣ್ಣ ನಿಲ್ಲುತ್ತಾ?

ಮಾಳಿಗೆಮನೆ:
ಪೂರ್ತಿ ನಿಲ್ಲುವುದಿಲ್ಲ. ಶಿವರಾತ್ರಿ ಕಳೆದ ಮೇಲೆ ಪ್ರತಿ ವರ್ಷ ಒಂದು ಕೋಟ್ ಹೊಡೆಯಿರಿ. ಬಳಿಯುವಾಗ ಕಣ್ಣಿಗೆ ಕನ್ನಡಕ ಇರಲಿ.