ಶಾತೋ ಮಾರ್ಗೋ 1996: ಹೇಗೆ ತೆಗೆಯೋದು? ಅನುಭವ ಇರೋರು ಹೇಳಿ

ಲಿಯಾನ್ ಕನ್ನಡಿಗ: ಶಾತೋ ಮಾರ್ಗೋ 1996 (ಫ್ರಾನ್ಸಿನ ಬೋರ್ದೋದ ಕೆಂಪು ವೈನ್), 750 ಎಂಎಲ್, ಒಂದೇ ಬಾಟಲಿ ಉಡುಗೊರೆ ಬಂದಿದೆ. ಜೂನ್‌ನಲ್ಲಿ ಅಪ್ಪ ಅಮ್ಮ ಇಲ್ಲಿಗೆ ಬರ್ತಿದ್ದಾರೆ. ಆಗ ತೆಗೆಯೋದಾದ್ರೆ ಎಷ್ಟು ಹೊತ್ತು ಮೊದಲು ಡಿಕ್ಯಾಂಟ್ ಮಾಡಬೇಕು, ಅಂದ್ರೆ ಗಾಜಿನ ಹೂಜಿಗೆ ಬಗ್ಗಿಸಿಡಬೇಕು? ಇಲ್ಲ ಊರಿಗೆ, ಮೈಸೂರಿಗೇ ತಗೊಂಡು ಹೋಗ್ಲಾ?

ಮೆದೋಕ್ ಮಾವ: 96 ಅಂದ್ರೆ ಮಾರ್ಗೋ ಇರೋ ಮೆದೋಕ್ ಪ್ರದೇಶದಲ್ಲಿ ಕ್ಯಾಬರ್ನೆ ದ್ರಾಕ್ಷಿ ಗೆದ್ದ ವರ್ಷ. ಟ್ಯಾನಿನ್, ಅಂದ್ರೆ ವೈನಿನ ಒಗರು, ಇನ್ನೂ ಗಟ್ಟಿ, ಎರಡು ಗಂಟೆ ಡಿಕ್ಯಾಂಟರ್‌ನಲ್ಲಿ ಇರಲೇಬೇಕು. ಎರಡು ದಿನ ಮೊದಲೇ ಬಾಟಲಿ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಇಳೀಲಿ. ಬಾಯಿಗೆ ಸುತ್ತಿರೋ ಕ್ಯಾಪ್ಸೂಲ್ ಹೊದಿಕೆ ಪೂರ್ತಿ ಕಿತ್ತುಹಾಕಿ, ಇಲ್ಲಾಂದ್ರೆ ಕತ್ತಿನಲ್ಲಿ ಏನು ಬರ್ತಿದೆ ಅಂತ ಕಾಣಲ್ಲ. ಮೊಬೈಲ್ ಟಾರ್ಚ್ ಮೇಜಿನ ಮೇಲಿಟ್ಟು, ಬಾಟಲಿಯ ಭುಜ ಬೆಳಕಿಗೆ ಸರಿಯಾಗಿ ಬರೋ ಹಾಗೆ ಹಿಡಿದು, ಒಂದೇ ಧಾರೆಯಲ್ಲಿ ಬಗ್ಗಿಸಿ. ನಡುವೆ ನೆಟ್ಟಗೆ ಮಾಡಿದ್ರೋ, ಎಲ್ಲಾ ಕದಡಿಹೋಗುತ್ತೆ. ಕಪ್ಪು ಗೆರೆ ಕತ್ತಿಗೆ ಬಂದ ತಕ್ಷಣ ನಿಲ್ಲಿಸಿ. ತಳದ 50 ಎಂಎಲ್ ಹೋದ್ರೆ ಹೋಗ್ಲಿ.

ನಿಧಾನಸ್ಥ: ಎರಡು ಗಂಟೆನಾ! ಮಾವ, ನೆನೆಯೋಕೆ ಇಡೋದಕ್ಕೆ ಅದೇನು ಉದ್ದಿನಬೇಳೆನಾ? 1977ರಲ್ಲಿ ಮೆಂಟ್ಸೆಲೋಪುಲೋಸ್ ಕುಟುಂಬ ಮಾರ್ಗೋ ತೋಟ ಕೊಂಡ ಮೇಲೆ ಸಲಹೆಗೆ ಕರೆಸಿಕೊಂಡಿದ್ದು ವೈನ್ ತಜ್ಞ ಎಮಿಲ್ ಪೇನೋ ಅವರನ್ನ. ಅವರ ವಾದ ಏನು ಗೊತ್ತಾ? ಗಸಿ ಇದ್ರೆ ಮಾತ್ರ ಡಿಕ್ಯಾಂಟ್, ಅದೂ ಬಡಿಸೋ ಹೊತ್ತಿಗೆ. ಗಾಳಿಗೆ ಬಿಟ್ಟಷ್ಟೂ ಪರಿಮಳ ಹಾಳು. ಮಾರ್ಗೋದಲ್ಲಿ ಆ ನೇರಳೆ ಹೂವಿನ ವಾಸನೆ ಹೋದ್ಮೇಲೆ ಇನ್ನೇನು ಉಳೀತು?

ಅದಕ್ಕಿಂತ ಮುಂಚೆ ಬಿರಡೆ ನೋಡ್ಕೊಳ್ಳಿ. ಇಷ್ಟು ಹಳೆಯದು ಸಾದಾ ಸ್ಕ್ರೂಗೆ ಅರ್ಧಕ್ಕೆ ಮುರಿಯುತ್ತೆ. ಎರಡು ಅಲಗಿನ ಓಪನರ್ ತಗೊಳ್ಳಿ. ಉದ್ದದ ಅಲಗು ಮೊದಲು ಇಳಿಸಿ, ಆಮೇಲೆ ಗಿಡ್ಡದ್ದು, ಆ ಕಡೆ ಈ ಕಡೆ ಅಲ್ಲಾಡಿಸ್ತಾ ಪೂರ್ತಿ ಒಳಗೆ ಹೋದ ಮೇಲೆ ತಿರುಗಿಸ್ತಾ ಎಳೀರಿ. ಬಿರಡೆ ಕೆಳಗೆ ಜಾರಿದ್ರೆ ಅಲ್ಲೇ ನಿಲ್ಲಿಸಿ. ಅಂಥದ್ದಕ್ಕೆ ಸ್ಕ್ರೂ, ಅಲಗು ಎರಡೂ ಸೇರಿರೋ ಡ್ಯುರಾಂಡ್ ಬೇಕು, ದುಬಾರಿ. ಪುಡಿ ಬಿದ್ರೆ ಒಗೆದ ಮಸ್ಲಿನ್‌ನಲ್ಲಿ ಸೋಸಿ, ಸೋಪಿನ ವಾಸನೆ ಇರಬಾರದು.

ಬಾಂಡೆಡ್ ಭಟ್ಟ: ಲಂಡನ್‌ನಿಂದ. ನಾನು ನನ್ನ ಪೂರ್ತಿ ಕೇಸ್ ಮಾರಿದೆ, ಚೂರೂ ಬೇಜಾರಿಲ್ಲ. ಬಾಂಡೆಡ್, ಅಂದ್ರೆ ತೆರಿಗೆ ಕಟ್ಟದೆ ಸರಕು ಇಡೋ ಗೋದಾಮಿನಲ್ಲಿ ಇರೋವರೆಗೂ ಸುಂಕವೂ ಇಲ್ಲ, ವ್ಯಾಟೂ ಇಲ್ಲ. ಹೊರಗೆ ತಂದ್ರೋ, ಸುಂಕ, ಅದರ ಮೇಲೆ 20% ವ್ಯಾಟ್. ಪ್ರತಿ ವರ್ಷ ಬಾಡಿಗೆ, ವಿಮೆ ಬೇರೆ. ಹರಾಜಿಗೆ ಹಾಕಿದ್ರೆ ಮಾರೋನಿಂದ ಕಮಿಷನ್, ಕೊಳ್ಳೋನಿಂದ ಪ್ರೀಮಿಯಂ. ಮನೆಯಲ್ಲಿಟ್ಟ ಒಂಟಿ ಬಾಟಲಿಗೆ ಎಲ್ಲಿತ್ತು, ಹೇಗಿತ್ತು ಅನ್ನೋ ದಾಖಲೆನೇ ಇಲ್ಲ, ಮೂಲ ಮರದ ಪೆಟ್ಟಿಗೆಯ ರೇಟು ಕನಸಲ್ಲೂ ಸಿಗಲ್ಲ.

ನಿಧಾನಸ್ಥ: ಅವರು ಮಾರೋ ಮಾತೇ ಎತ್ತಿಲ್ಲ ಭಟ್ರೇ. ನಿಮ್ಮಂಥೋರು ಷೇರಿನ ಥರ ನೋಡಿದ್ದಕ್ಕೇ ಕುಡಿಯೋರಿಗೆ ಸಿಗದ ಹಾಗಾಗಿರೋದು.

ಬಾಂಡೆಡ್ ಭಟ್ಟ: ಬೋರ್ದೋ ವೈನ್‌ಗಳಿಗೆ ದರ್ಜೆ ಕೊಟ್ಟ 1855ರ ಪಟ್ಟಿ ಮಾಡಿದ್ದೇ ಬೋರ್ದೋ ದಲ್ಲಾಳಿಗಳು ಸ್ವಾಮಿ, ಅದೂ ಬೆಲೆಯ ಮೇಲೆ! ನನ್ನ ಮೇಲ್ಯಾಕೆ ಸಿಟ್ಟು?

ಗ್ರಾವ್ ಗೌಡ: ಆ ಪಟ್ಟಿನ ಯಾರೂ ಹೊಗಳಬೇಡಿ. ಮೂತೋನ್ ಅನ್ನೋ ಶಾತೋನ ಎರಡನೇ ದರ್ಜೆಯಲ್ಲೇ ಕೂರಿಸಿ, ಮೊದಲನೇ ದರ್ಜೆಗೆ ಮೇಲೆತ್ತಿದ್ದು 1973ರಲ್ಲಿ. ಬೋರ್ದೋದ ಗ್ರಾವ್ ಪ್ರದೇಶದಿಂದ ಪಟ್ಟಿಗೆ ಸೇರಿದ ಕೆಂಪು ವೈನ್ ಓ-ಬ್ರಿಯೋಂ ಒಂದೇ.

ಒಂಟಿಕೊಪ್ಪಲು: ಮೈಸೂರಿಗೆ ಖಂಡಿತ ಬೇಡ. ಎರಡು ಲೀಟರ್‌ವರೆಗೆ ಕಸ್ಟಮ್ಸ್ ಕಾಟ ಇಲ್ಲ, ನಿಜ. ಆದ್ರೆ 100 ಎಂಎಲ್ ದಾಟಿದ ಬಾಟಲಿ ಹಲವು ಏರ್‌ಪೋರ್ಟ್‌ಗಳಲ್ಲಿ ಕೈಚೀಲದಲ್ಲಿ ಬಿಡಲ್ಲ, ಚೆಕ್-ಇನ್‌ಗೇ ಹಾಕಬೇಕು. ಅಲ್ಲಿ ಉರುಳಾಡಿ ಕದಡಿದ ಗಸಿ ಮತ್ತೆ ಕೂರೋಕೆ ಒಂದು ವಾರವಾದ್ರೂ ಬೇಕು. ಅಷ್ಟು ದಿನ 27-28 ಡಿಗ್ರಿ ರೂಮಲ್ಲಿ ಇಡ್ತೀರಾ? ಇಡೋದು 12ರಿಂದ 14, ಬಡಿಸೋದು 16ರಿಂದ 18. ಊಟಕ್ಕೆ ನಮ್ಮ ಖಾರದ ಚಾಪ್ಸ್ ಇಟ್ರಂತೂ ಬರೀ ಕಹಿ, ಉರಿ.

ಮೆದೋಕ್ ಮಾವ: ಫ್ರಾನ್ಸಿನಲ್ಲೇ ತೆಗೀರಿ, ಮೆದೋಕ್‌ನ ಪೊಯ್ಯಾಕ್ ಊರಿನ ಕುರಿಮರಿ ಮಾಂಸ ತಂದು, ಉಪ್ಪು ಹಾಕಿ ಅವನ್‌ನಲ್ಲಿ ರೋಸ್ಟ್ ಮಾಡಿ. ಮತ್ತೆ ಹೇಳ್ತೀನಿ, ಎರಡು ಗಂಟೆ.

ಗ್ರಾವ್ ಗೌಡ: ಬಾಟಲಿಯೊಳಗೆ ವೈನ್ ಬಿರಡೆಯಿಂದ ಎಷ್ಟು ಕೆಳಗಿದೆ ಅಂತ ಒಬ್ಬರಾದ್ರೂ ಕೇಳಿದ್ರಾ? ಬಾಟಲಿ ನಿಲ್ಲಿಸಿ ಫೋಟೋ ಹಾಕಿ. ಕತ್ತಿನೊಳಗೆ ಅಥವಾ ಕತ್ತಿನ ಬುಡದಲ್ಲಿದ್ರೆ ಒಳ್ಳೇದು. ಭುಜದ ಮಧ್ಯಕ್ಕೆ ಇಳಿದಿದ್ರೆ ಬಿರಡೆ ಗಾಳಿ ಬಿಟ್ಟಿದೆ ಅಂತ ಅನುಮಾನ. ಆಗ ಡಿಕ್ಯಾಂಟರ್ ಮುಟ್ಟಲೇಬೇಡಿ. ಮೊದಲು ಗ್ಲಾಸಿಗೆ ಒಂದು ಗುಟುಕು ಬಗ್ಗಿಸಿ ಮೂಸಿ. ಒದ್ದೆ ರಟ್ಟಿನ ವಾಸನೆ ಬಂದ್ರೆ ಅದು ಬಿರಡೆಯ ದೋಷ, ಎಷ್ಟು ಹೊತ್ತು ಇಟ್ರೂ ಹೋಗಲ್ಲ. ಹಾಗಾದ್ರೆ ಇನ್ನೊಂದು ಬಾಟಲಿ ರೆಡಿ ಇರಲಿ.

ನಿಧಾನಸ್ಥ: ಗೌಡ್ರು ಹೇಳಿದ್ದು ಸರಿ. ಮಾವನ ಎರಡು ಗಂಟೆ ಮಾತ್ರ ಮರೆತುಬಿಡಿ.